ಮಾತ್ರೆ ಹರಳುಗಟ್ಟಿದ ವರ್ಷ

ನಾನು ಯಾವ ಹುದ್ದೆಗೆ ಸೇರಿ ಯಾವ ಹುದ್ದೆಯಲ್ಲಿ ನಿವೃತ್ತಳಾದೆ ಎಂದು ಬರೆಯಲು ಕೂತಿಲ್ಲ. ಅದನ್ನೆಲ್ಲ ಬೀಳ್ಕೊಡುಗೆಯ ದಿನ ಹಾರ ಹಾಕಿದವರು ಬೇಕಾದಷ್ಟು ಹೇಳಿದರು. ಅದರಲ್ಲಿ ಅರ್ಧ ನನಗೇ ಹೊಸ ಸುದ್ದಿ. ಈಗ ನಮ್ಮ ಬೀದಿಯಲ್ಲೇ ಮೂವರು ಹುಡುಗಿಯರು ಔಷಧದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲೊಬ್ಬಳು ಮೊನ್ನೆ ಬಂದು, ನಿಮ್ಮ ಕಾಲದಲ್ಲಿ ಲ್ಯಾಬಿನಲ್ಲಿ ಏನೇನು ಮಿಷನ್ ಇತ್ತು ಆಂಟಿ ಎಂದು ಕೇಳಿದಳು. ಮಿಷನ್ನಿನ ವಿಷಯ ಹೇಳುತ್ತೇನೆ ತಾಯಿ. ಆದರೆ ಅದರ ಜೊತೆಗೆ ಒಬ್ಬ ಮನುಷ್ಯನ ವಿಷಯವನ್ನೂ ಹೇಳದಿದ್ದರೆ ನಾನು ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನನ್ನ ಊರು ಚುಂಚನಕಟ್ಟೆ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹೆಣ್ಣು ನೋಡಲು ಬಂದವರಿಗೆಲ್ಲ ಎರಡು ವರ್ಷ ಉಪ್ಪಿಟ್ಟು ಕಾಫಿ ಕೊಟ್ಟು ಬೇಸತ್ತು, ತೊಂಬತ್ತರ ದಶಕದ ಮೊದಲಿಗೆ ಹುಣಸೂರಿನ ಹೊರಗಿದ್ದ ಒಂದು ಸಣ್ಣ ಮಾತ್ರೆ ಕಾರ್ಖಾನೆಗೆ ಸೇರಿದೆ. ಜ್ವರದ ಮಾತ್ರೆ, ಹೊಟ್ಟೆಹುಳದ ಮಾತ್ರೆ, ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಇಷ್ಟೇ ನಮ್ಮ ಸರಕು. ಲ್ಯಾಬು ಎಂದರೆ ಕಡಪಾ ಕಲ್ಲಿನ ಒಂದು ಕಟ್ಟೆ, ಒಂದು ಸೂಕ್ಷ್ಮ ತಕ್ಕಡಿ, ಗಾಜಿನ ನಾಲ್ಕು ಸಾಮಾನು, ಅರ್ಧ ದಿನ ಬಾರದ ನಲ್ಲಿ ನೀರು.

ಮೊದಲ ವಾರವೇ ಮಾನ ಹೋಯಿತು. ಸೆಖೆ ತಾಳಲಾರದೆ ಫ್ಯಾನು ಹಾಕಿಕೊಂಡು ತೂಕ ಮಾಡುತ್ತಿದ್ದೆ. ಆ ತಕ್ಕಡಿಗೆ ಉಸಿರು ಬಿಟ್ಟರೂ ಮುಳ್ಳು ಅಲ್ಲಾಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಓದಿದ್ದು ಓದಿದ ಹಾಗೇ ಇತ್ತು. ಇಡೀ ದಿನದ ಲೆಕ್ಕ ತಪ್ಪಾಗಿ, ಸರಿಯಾಗಿದ್ದ ಮಾತ್ರೆಯನ್ನೆಲ್ಲ ಕೆಟ್ಟದ್ದೆಂದು ಬರೆದುಕೊಟ್ಟೆ. ಮಾಲೀಕರು ಬಂದು ಮೇಲೆ ನೋಡಿದರು, ಕೆಳಗೆ ನೋಡಿದರು, ಗಾಳಿಯನ್ನೂ ಸೇರಿಸಿ ತೂಗಿದ್ದೀರಲ್ಲ ಮೇಡಮ್ ಎಂದರು. ಪ್ಯಾಕಿಂಗ್ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕರು.

ಮಾಲೀಕರು ಮೈಸೂರಿನವರು, ಕೆಟ್ಟವರಲ್ಲ. ಆದರೆ ಅವರದೊಂದು ರೀತಿಯಿತ್ತು: ಬೈಯುವುದು ಎಲ್ಲರ ಎದುರಿಗೆ, ಹೊಗಳುವುದು ಬಾಗಿಲು ಹಾಕಿಕೊಂಡು. ತಪ್ಪು ನಡೆದರೆ ಅವರಿಗೆ ಬೇಕಾಗಿದ್ದುದು ಕಾರಣವಲ್ಲ, ಒಬ್ಬ ಮನುಷ್ಯ. ಯಾರು ಎಂದು ಗೊತ್ತಾದ ಕೂಡಲೆ ಅವರ ಮನಸ್ಸಿಗೆ ಸಮಾಧಾನ. ಅವರ ಕೈಕೆಳಗಿದ್ದ ನಾವೆಲ್ಲ ಆ 'ಯಾರು' ನಾವಾಗದಂತೆ ತಪ್ಪಿಸಿಕೊಳ್ಳುವುದನ್ನು ಕೆಲಸದ ಜೊತೆಗೇ ಕಲಿತೆವು. ನಾನೂ ಚೆನ್ನಾಗಿ ಕಲಿತೆ.

ಸ್ಟೋರು ನೋಡಿಕೊಳ್ಳುತ್ತಿದ್ದವರು ಜವರಣ್ಣ. ಹಂಪಾಪುರದ ಹತ್ತಿರದ ಹಳ್ಳಿಯವರು, ನಡುವಯಸ್ಸು, ಸದಾ ತೊಳೆದ ಬಿಳಿ ಅಂಗಿ. ನಮ್ಮಲ್ಲಿಗೆ ಬರುವ ಮೊದಲು ಹದಿನೈದು ವರ್ಷ ಹೊಗೆಸೊಪ್ಪಿನ ಗೋಡೌನಿನಲ್ಲಿ ಕೆಲಸ ಮಾಡಿದ್ದರು. ಓದಿದ್ದು ಮೂರನೇ ಕ್ಲಾಸು. ಆದರೆ ಆ ಮನುಷ್ಯನ ಜ್ಞಾಪಕಶಕ್ತಿಯೆಂದರೆ! ಯಾವ ಡ್ರಮ್ಮು ಯಾವ ವಾರ ಬಂತು, ಯಾವ ಸಾಲಿನಲ್ಲಿದೆ, ಎಷ್ಟು ತೆಗೆದೆವು, ಎಲ್ಲ ಬಾಯಲ್ಲಿ. ಒಂದು ಸಲ ಸ್ಟೋರಿನ ರಿಜಿಸ್ಟರಿಗೆ ಗೆದ್ದಲು ಹತ್ತಿ ಅರ್ಧ ಪುಸ್ತಕ ಮಣ್ಣಾಯಿತು. ನಾವೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ ಜವರಣ್ಣ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಮೂರು ತಿಂಗಳಿನದನ್ನು ಹೇಳುತ್ತಾ ಹೋದರು. ಎಣಿಸಿ ನೋಡಿದರೆ ಒಂದು ಡಬ್ಬಿಯೂ ಹೆಚ್ಚುಕಡಿಮೆ ಇರಲಿಲ್ಲ. ನಂಗೆ ಒಂದ್ಸಲ ಏಳುದ್ರೆ ಸಾಕು ಕಣ್ರೀ ಅಮ್ಮಾರೆ ಎನ್ನುತ್ತಿದ್ದರು. ಹೆಮ್ಮೆಯಿಂದಲೇ ಹೇಳುತ್ತಿದ್ದರು, ಆ ಹೆಮ್ಮೆ ನ್ಯಾಯವಾದದ್ದು.

ಈಗ ಔಷಧದ ವಿಷಯ. ಸ್ವಲ್ಪ ಪಾಠದ ಹಾಗಿರುತ್ತದೆ, ಓದಿಕೊಳ್ಳಿ.

ಹುಳುಕಡ್ಡಿಗೆ ನುಂಗುವ ಔಷಧವೊಂದಿತ್ತು. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಹಾಕುವ ಹೆಂಗಸರಿಗೆ, ಹೊಗೆಸೊಪ್ಪು ಮುರಿಯುವವರಿಗೆ ತೊಡೆಸಂದಿ, ಸೊಂಟ, ಕಂಕುಳಲ್ಲಿ ಬಂದರೆ ಬಿಡುವ ಕಾಯಿಲೆಯಲ್ಲ ಅದು. ಔಷಧ ಒಳ್ಳೆಯದೇ, ಅದರ ಕರ್ಮವೆಂದರೆ ಅದು ನೀರಿನಲ್ಲಿ ಕರಗುವುದೇ ಇಲ್ಲ. ಹೊಟ್ಟೆಯಲ್ಲಿ ಕರಗದಿದ್ದರೆ ರಕ್ತಕ್ಕೆ ಸೇರುವುದೆಲ್ಲಿಂದ? ಬಾಯಿಂದ ಹೋದದ್ದು ಹಾಗೇ ಆಚೆ ಹೋಗುತ್ತದೆ. ಅದು ಕರಗದಿರುವುದಕ್ಕೆ ಕಾರಣ ಅದರ ಹರಳು. ಹರಳಿನೊಳಗೆ ಔಷಧದ ಅಣುಗಳು ಸಾಲಾಗಿ, ಒತ್ತಾಗಿ, ಒಂದನ್ನೊಂದು ಬಿಗಿಯಾಗಿ ಹಿಡಿದು ಕೂತಿರುತ್ತವೆ. ನೀರು ಬಂದು ಒಂದೊಂದನ್ನೇ ಬಿಡಿಸಿಕೊಳ್ಳಲು ಆಗುವುದಿಲ್ಲ.

ಹಾಗಾಗಿ ಹರಳನ್ನೇ ಮುರಿಯುವ ಒಂದು ಉಪಾಯವಿದೆ. ನೀರಿನಲ್ಲಿ ಸುಲಭವಾಗಿ ಕರಗುವ ಪಾಲಿಮರ್ ಒಂದನ್ನು ತೆಗೆದುಕೊಳ್ಳಬೇಕು. ಪಾಲಿಮರ್ ಎಂದರೆ ಉದ್ದುದ್ದ ಎಳೆಗಳ ಅಂಟು ಎಂದುಕೊಳ್ಳಿ. ಅದನ್ನೂ ಔಷಧವನ್ನೂ ಒಟ್ಟಿಗೆ ಕ್ಲೋರೋಫಾರಮ್ಮಿನಲ್ಲಿ ಕರಗಿಸಿ, ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಒಣಗಿಸಿದರೆ, ಔಷಧದ ಅಣುಗಳಿಗೆ ಮತ್ತೆ ಸಾಲುಗಟ್ಟಲು ಪುರಸೊತ್ತಾಗುವುದಿಲ್ಲ. ಅಂಟಿನ ಎಳೆಗಳ ನಡುವೆ ಚೆಲ್ಲಾಪಿಲ್ಲಿಯಾಗಿ ಸಿಕ್ಕಿಕೊಂಡು ನಿಲ್ಲುತ್ತವೆ. ತಟ್ಟೆಯಲ್ಲಿ ಒಡೆದ ಗಾಜಿನಂಥ ಹಕ್ಕಳೆ ಬರುತ್ತದೆ. ಅದನ್ನು ಪುಡಿ ಮಾಡಿ ಮಾತ್ರೆ ಒತ್ತಿದರೆ ಹೊಟ್ಟೆಯಲ್ಲಿ ಚೆನ್ನಾಗಿ ಕರಗುತ್ತದೆ.

ಆದರೆ ಆ ಅಣುಗಳು ಅಲ್ಲಿ ಸುಖವಾಗಿ ಇರುವುದಿಲ್ಲ. ಅವಕಾಶ ಸಿಕ್ಕಿದರೆ ಸಾಕು, ಸರಿದು ಸರಿದು ಒಂದನ್ನೊಂದು ಹುಡುಕಿಕೊಂಡು ಮತ್ತೆ ಹರಳು ಕಟ್ಟುತ್ತವೆ. ನಮ್ಮಮ್ಮ ಪಾಕ ಇಳಿಸುವಾಗ ನಿಂಬೆಹಣ್ಣು ಹಿಂಡದಿದ್ದರೆ ಮಾರನೆಯ ದಿನಕ್ಕೆ ಪಾಕವೆಲ್ಲ ಸಕ್ಕರೆಯಾಗಿ ಕೂರುತ್ತಿತ್ತಲ್ಲ, ಹಾಗೆಯೇ. ಬಿಸಿಯಾದರೆ ಅಂಟು ಮೆದುವಾಗಿ ಅಣುಗಳು ಸರಿದಾಡುತ್ತವೆ. ಪಸೆಯಾದರೆ ಅದಕ್ಕಿಂತ ಕೇಡು, ಏಕೆಂದರೆ ಈ ಅಂಟಿಗೆ ನೀರೆಂದರೆ ಪ್ರಾಣ, ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಇನ್ನು, ಅಂಟು ಕಡಿಮೆಯಾಗಿ ಔಷಧ ಜಾಸ್ತಿಯಾದರೆ ಬಿಸಿಯೂ ಬೇಡ, ನೀರೂ ಬೇಡ, ನಿಧಾನಕ್ಕೆ ತಾನಾಗಿಯೇ ಹರಳುಗಟ್ಟುತ್ತದೆ. ಈ ಮೂರನೆಯದನ್ನು ಅಂದು ನಾನು ಅಷ್ಟು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಮೊದಲು ನಾವು ಒಂದು ಪಾಲು ಔಷಧಕ್ಕೆ ಐದು ಪಾಲು ಅಂಟು ಹಾಕಿ ನೋಡಿದೆವು. ಮಾತ್ರೆ ಹಲಸಿನ ಬೀಜದಷ್ಟಾಯಿತು. ಯಾರು ನುಂಗುತ್ತಾರೆ? ಆಗ ನಾನು ಒಂದಕ್ಕೆ ಎರಡು ಮಾಡಿದೆ. ಮಾತ್ರೆ ಪುಟ್ಟದಾಗಿ, ನುಣ್ಣಗೆ, ಚೆಂದವಾಗಿ ಬಂತು. ಕರಗಿಸಿ ನೋಡಿದರೆ ಐದರ ಲೆಕ್ಕದಷ್ಟೇ ಚೆನ್ನಾಗಿ ಕರಗಿತು. ಮೂರು ತಿಂಗಳು ಇಟ್ಟು ನೋಡಿದೆ, ಸರಿಯಾಗಿಯೇ ಇತ್ತು. ಇನ್ನೂ ಒಂದಷ್ಟು ಕಾಲ ಇಟ್ಟು ನೋಡೋಣ ಎಂದು ನಾನು ಹೇಳಬೇಕಾಗಿತ್ತು. ಮಾಲೀಕರು ಬಾಗಿಲು ಹಾಕಿಕೊಂಡು ಹೊಗಳಿದರು, ನಾನು ಉಬ್ಬಿಹೋದೆ.

ಆ ಮಾರ್ಚಿನಲ್ಲಿ ಸರಕು ಜಾಸ್ತಿಯಾಗಿ ಕಾರ್ಖಾನೆಯಲ್ಲಿ ಜಾಗ ಸಾಲದೆ, ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದು ಹೊಗೆಸೊಪ್ಪಿನ ಗೋಡೌನನ್ನು ಬೇಸಿಗೆಯ ಮಟ್ಟಿಗೆ ಬಾಡಿಗೆಗೆ ಹಿಡಿದರು. ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಮುಂದಿನ ಬೆಳೆಯವರೆಗೆ ಅವು ಖಾಲಿ ಬಿದ್ದಿರುತ್ತವೆ. ಹಕ್ಕಳೆಯ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಟ್ಟಿನ ಡ್ರಮ್ಮುಗಳಲ್ಲಿಟ್ಟು ಅಲ್ಲಿಗೆ ಸಾಗಿಸಿದೆವು. ಜವರಣ್ಣನ ಕೈಗೆ ಬೀಗದ ಕೈ ಕೊಟ್ಟಾಗ ನಾನು ಹೇಳಿದ್ದು ಒಂದೇ ಮಾತು: ಜವರಣ್ಣ, ಇದಕ್ಕೆ ಬಿಸಿ ತಾಗಬಾರದು. ಮೇಲೆ ಶೀಟಿನ ಛಾವಣಿ, ಏಪ್ರಿಲ್ ಬಿಸಿಲು, ನನ್ನ ತಲೆಯಲ್ಲಿ ಇದ್ದುದು ಅದೊಂದೇ.

"ಅದ ನಂಗ್ ಬುಡಿ ಅಮ್ಮಾರೆ. ಒಗೆಸೊಪ್ಪ ಕಾದವ್ನು ನಾನು, ಇದ್ನ ಕಾಯಾಕಿಲ್ವಾ?"

ಅವರು ಕಾದರು. ಹೊಗೆಸೊಪ್ಪಿನವರು ಹೇಗೆ ಕಾಯುತ್ತಾರೋ ಹಾಗೆ ಕಾದರು. ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪು ಬಿಸಿಲುಗಾಲದಲ್ಲಿ ಹಪ್ಪಳದಂತಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಆಗ ಗೋಡೌನಿನ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಸೊಪ್ಪನ್ನು ಹದಕ್ಕೆ ತರುತ್ತಾರೆ. ಸೊಪ್ಪಿನ ಕೆಲಸದವರಿಗೆ ಅದು ಹಲ್ಲುಜ್ಜಿದಷ್ಟು ಸಹಜ. ಜವರಣ್ಣ ಬೆಳಿಗ್ಗೆಗೊಂದು ಸಲ, ಸಂಜೆಗೊಂದು ಸಲ ನೆಲಕ್ಕೆ ನೀರು ಹಾಕಿದರು. ಐದು ಕಿಟಕಿಗೂ ಗೋಣಿಚೀಲ ನೆನೆಸಿ ಕಟ್ಟಿದರು. ಭಾನುವಾರವೂ ರಜೆ ತೆಗೆದುಕೊಳ್ಳದೆ ಬಂದು ನೆನೆಸಿದರು.

ಇನ್ನು ನನ್ನ ಬಾಯಿಂದಲೇ ಇದನ್ನು ಹೇಳಿಬಿಡುತ್ತೇನೆ. ನಡುವೆ ಒಂದು ದಿನ ನಾನೇ ಆ ಗೋಡೌನಿಗೆ ಹೋಗಿದ್ದೆ. ನಡುಮಧ್ಯಾಹ್ನ, ಬಸ್ಸಿನಲ್ಲಿ ಬೆಂದು ಹೋಗಿದ್ದೆ. ಒಳಗೆ ಕಾಲಿಟ್ಟರೆ ಏನು ತಂಪು! ಜವರಣ್ಣ ಮಜ್ಜಿಗೆ ಕೊಟ್ಟರು. ಗೋಣಿಚೀಲದಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ನೋಡಿದೆ, ಒದ್ದೆ ನೆಲದ ಮೇಲೆ ನಡೆದೆ. ಪರವಾಗಿಲ್ಲವೇ ಜವರಣ್ಣ, ಅರಮನೆ ಮಾಡಿಬಿಟ್ಟಿದ್ದೀರಿ ಎಂದು ಹೊಗಳಿ, ಎರಡು ಲೋಟ ಮಜ್ಜಿಗೆ ಕುಡಿದು ವಾಪಸು ಬಂದೆ. ಪಸೆಯಾದರೆ ಹರಳುಗಟ್ಟುತ್ತದೆ ಎಂದು ಬೇರೆಯವರಿಗೆ ಪಾಠ ಹೇಳುವ ಎಂ.ಎಸ್ಸಿ. ತಲೆ ಆವತ್ತು ಎಲ್ಲಿ ಮೇಯಲು ಹೋಗಿತ್ತೋ ನನಗೆ ಇವತ್ತಿಗೂ ತಿಳಿಯದು.

ಮೇ ಕೊನೆಗೆ ಆ ಪುಡಿಯನ್ನು ತಂದು ಮಾತ್ರೆ ಮಾಡಿದೆವು. ಡ್ರಮ್ಮಿನ ರಟ್ಟು ಮೆತ್ತಗಾಗಿದೆ ಎಂದು ಮಾತ್ರೆ ಒತ್ತುವವರು ಹೇಳಿದರು. ಪುಡಿ ಮೊದಲಿನ ಹಾಗೆ ಗಾಜಿನಂತೆ ಹೊಳೆಯದೆ ಸುಣ್ಣದ ಹಾಗಿದೆ ಎಂದು ನನಗೂ ಅನ್ನಿಸಿತು. ಪರೀಕ್ಷೆ ಮಾಡಿದೆ. ಔಷಧದ ಪ್ರಮಾಣ ಸರಿ ಇತ್ತು. ಮಾತ್ರೆ ನೀರಿನಲ್ಲಿ ಬೇಗ ಪುಡಿಯಾಗಿ ಬಿತ್ತು, ಅದೂ ಸರಿ. ಹುಡುಗಿಯರೇ, ಇದನ್ನು ನೆನಪಿಡಿ. ಮಾತ್ರೆ ಪುಡಿಯಾಗುವುದು ಬೇರೆ, ಔಷಧ ಕರಗುವುದು ಬೇರೆ. ಔಷಧ ಪೂರ್ತಿ ಇದ್ದೂ ರೋಗಿಗೆ ಒಂದು ಚೂರೂ ಸಿಗದೆ ಹೋಗಬಹುದು. ಕರಗುವುದನ್ನು ಅಳೆಯುವ ಮಿಷನ್ನು ನಮ್ಮಲ್ಲಿತ್ತು, ಆರು ಗಾಜಿನ ಪಾತ್ರೆ, ಆರು ಕಲಕುವ ಕೋಲು. ಅದರ ಮೋಟಾರು ಸುಟ್ಟು ಮೈಸೂರಿಗೆ ರಿಪೇರಿಗೆ ಹೋಗಿತ್ತು. ಅದು ಬರಲಿ ಎನ್ನಲಿಲ್ಲ ನಾನು. ಕಳಿಸಿ ಎಂದು ರುಜು ಹಾಕಿದೆ.

ಮಳೆಗಾಲದಲ್ಲಿ ಎಚ್.ಡಿ. ಕೋಟೆ ಕಡೆಯ ಒಬ್ಬ ಡಾಕ್ಟರು ಕಾರ್ಖಾನೆಗೇ ಬಂದರು. ಖಾಲಿಯಾದ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಎರಡು ತಿಂಗಳಿಂದ ಹದಿನಾಲ್ಕು ಜನಕ್ಕೆ ಕೊಟ್ಟಿದ್ದೇನೆ, ಒಬ್ಬರಿಗೂ ವಾಸಿಯಾಗಿಲ್ಲ ಎಂದರು. ನಾಟಿ ಹಾಕುವ ಒಬ್ಬ ಹೆಂಗಸು ಕೆರೆದು ಕೆರೆದು ಗಾಯ ಮಾಡಿಕೊಂಡು, ಕೀವಾಗಿ, ನಡೆಯಲಾರದೆ ಕೂತಿದ್ದಾಳಂತೆ. ಗಂಡ ಅವಳನ್ನು ಒಳಗೆ ಸೇರಿಸುತ್ತಿಲ್ಲವಂತೆ, ಇದು ಬೇರೇನೋ ಕಾಯಿಲೆ ಎಂದು. ಆ ಹೆಂಗಸಿನ ಹೆಸರು ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಮಾರನೆಯ ದಿನ ಮಾತ್ರೆಗಳನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆ. ನನಗೆ ಪರಿಚಯವಿದ್ದ ಒಂದು ಕಾಲೇಜಿನ ಭೂವಿಜ್ಞಾನದವರ ಹತ್ತಿರ ಕಲ್ಲುಗಳನ್ನು ನೋಡುವ ಒಂದು ಸೂಕ್ಷ್ಮದರ್ಶಕವಿತ್ತು. ಅದರಲ್ಲಿ ಹರಳಿಲ್ಲದ ವಸ್ತು ಬರೀ ಕತ್ತಲಾಗಿ ಕಾಣುತ್ತದೆ, ಹರಳಿದ್ದರೆ ಬಣ್ಣಬಣ್ಣವಾಗಿ ಹೊಳೆಯುತ್ತದೆ. ಮೊದಲ ಸಲ ಪುಡಿ ಮಾಡಿದಾಗ ಅಲ್ಲಿಯೇ ನೋಡಿದ್ದೆ, ಕಾಡಿಗೆಯಂಥ ಕತ್ತಲು. ಈ ಸಲ ಕಣ್ಣಿಟ್ಟರೆ ನೀಲಿ, ಹಳದಿ, ಕೆಂಪು. ಎಷ್ಟು ಚೆಂದವಿತ್ತೆಂದರೆ ಅಲ್ಲಿದ್ದ ಮೇಷ್ಟ್ರು, ವಾವ್, ಯಾವ ಕಲ್ಲು ಮೇಡಮ್ ಇದು ಎಂದು ಕೇಳಿದರು. ನನಗೆ ಅಳು ಬಂತು.

ಬಸ್ಸಿನಲ್ಲಿ ಹಿಂದೆ ಬರುವಾಗ ಗೋಣಿಚೀಲ, ಒದ್ದೆ ನೆಲ, ಮಜ್ಜಿಗೆ ಎಲ್ಲ ಒಂದೊಂದಾಗಿ ಕಣ್ಣಿಗೆ ಬಂದವು. ನಾನು ಹೊಗಳಿದ್ದ ಮಾತೂ ನೆನಪಾಯಿತು. ಆಗ ನಾನು ಮೊದಲು ಯೋಚಿಸಿದ್ದು ಆ ಹೆಂಗಸನ್ನಲ್ಲ, ಜವರಣ್ಣನನ್ನೂ ಅಲ್ಲ. ಮಾಲೀಕರು 'ಯಾರು' ಎಂದು ಕೇಳುತ್ತಾರೆ, ಅದನ್ನು ಯೋಚಿಸಿದೆ.

ಕೇಳಿಯೇ ಕೇಳಿದರು. ಉಳಿದಿದ್ದ ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಿದ ಮೇಲೆ, ಆಫೀಸಿನಲ್ಲಿ ಎಲ್ಲರನ್ನೂ ಸೇರಿಸಿದರು. ಜವರಣ್ಣ ಬಾಗಿಲ ಹತ್ತಿರ ನಿಂತಿದ್ದರು. ಗೋಣಿಚೀಲದ ವಿಷಯ ಅವರೇ ಹೇಳಿದರು, ಮುಚ್ಚಿಡಬೇಕೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ದಿನಾ ಎರಡೊತ್ತು ನೀರು ಹಾಕುತ್ತಿದ್ದೆ ಸಾಹೇಬ್ರೆ ಎಂದು ಕೆಲಸದ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು. ಮಾಲೀಕರು ನನ್ನ ಕಡೆ ತಿರುಗಿದರು.

"ಮೇಡಮ್, ಇದಕ್ಕೆ ಪಸೆ ತಾಗಬಾರದು ಅಂತ ಇವನಿಗೆ ಹೇಳಿದ್ರೋ, ಇಲ್ಲವೋ?"

"ಹೇಳಿದ್ದೆ ಸರ್," ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದನ್ನು ನುಂಗಿಕೊಳ್ಳಲು ನನಗೆ ಪೂರ್ತಿ ಐದು ನಿಮಿಷ ಸಮಯವಿತ್ತು, ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಜವರಣ್ಣ ನನ್ನನ್ನೇ ನೋಡಿದರು. ಅವರು ಎದುರು ಹೇಳುತ್ತಾರೆ, ಜಗಳವಾಗುತ್ತದೆ ಎಂದು ನಾನು ಮೈ ಬಿಗಿ ಹಿಡಿದು ಕೂತಿದ್ದೆ. ಅವರು ಹುಬ್ಬು ಗಂಟು ಹಾಕಿಕೊಂಡು ಏನನ್ನೋ ಹುಡುಕುವವರ ಹಾಗೆ ನಿಂತಿದ್ದರು. ಆಮೇಲೆ ಮೆಲ್ಲಗೆ ಮಾತಾಡಿದರು.

"ಅಮ್ಮಾರು ಸುಳ್ಳೇಳಾಕಿಲ್ಲ. ಅವ್ರು ಏಳಿದ್ರು ಅಂದ್ರೆ ಏಳೇ ಇರ್ತಾರೆ. ನಂಗೇ ಗ್ಯಾಪ್ಕ ತಪ್ಪೋಯ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಆ ಶನಿವಾರವೇ ಜವರಣ್ಣ ಕೆಲಸ ಬಿಟ್ಟು ಹೋದರು. ಹೋಗುವ ಮುಂಚೆ ಸ್ಟೋರಿನ ಒಂದೊಂದು ಸಾಲನ್ನೂ ಹೊಸಬನಿಗೆ ತೋರಿಸಿ, ಲ್ಯಾಬಿನ ಬಾಗಿಲಿಗೆ ಬಂದು ನನಗೆ ಕೈಮುಗಿದು, ನಿಮ್ಗೂ ಕೆಟ್ಟ ಎಸ್ರು ತಂದೆ ಎಂದರು. ನಾನು ತಲೆ ತಗ್ಗಿಸಿ ಯಾವುದೋ ಕಾಗದ ನೋಡುತ್ತಿದ್ದೆ. ಪರವಾಗಿಲ್ಲ ಹೋಗಿ ಬನ್ನಿ ಜವರಣ್ಣ ಎಂದೆ. ಪರವಾಗಿಲ್ಲ ಎಂದು ಕ್ಷಮಿಸುವವಳ ಹಾಗೆ ಹೇಳಿದೆನಲ್ಲ, ಅದಕ್ಕೆ ಏನನ್ನೋಣ!

ಅದಾದ ಮೇಲೆ ನಮ್ಮಲ್ಲಿ ಕ್ರಮಗಳು ಬಿಗಿಯಾದವು. ಪ್ರತಿ ಸ್ಟೋರಿನಲ್ಲೂ ತೇವ ಅಳೆಯುವ ಗಡಿಯಾರದಂಥ ಸಾಧನ ಬಂತು. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ, ಓದಿ ಹೇಳಿ, ರುಜು ತೆಗೆದುಕೊಳ್ಳುವ ಪದ್ಧತಿ ಬಂತು. ಕರಗಿಸಿ ನೋಡದೆ ಒಂದು ಡಬ್ಬಿಯೂ ಹೊರಗೆ ಹೋಗಬಾರದೆಂದಾಯಿತು. ಇವನ್ನೆಲ್ಲ ಬರೆದವಳು ನಾನೇ. ಇನ್ಸ್‌ಪೆಕ್ಷನ್ನಿಗೆ ಬಂದವರು ಯಾರು ಮಾಡಿದ್ದು ಇದನ್ನೆಲ್ಲ, ಬಹಳ ಅಚ್ಚುಕಟ್ಟು ಎಂದು ಮೆಚ್ಚಿಕೊಂಡರು.

ಇನ್ನೊಂದಿದೆ. ಮೊದಲು ಮಾಡಿದ ಪುಡಿಯಲ್ಲಿ ಒಂದು ಬಾಟಲಿಯಷ್ಟನ್ನು, ಗೋಡೌನಿಗೆ ಕಳಿಸದೆ, ತೇವ ಹೀರುವ ಉಂಡೆಗಳ ಜೊತೆ ಬಿಗಿಯಾಗಿ ಮುಚ್ಚಿ ಲ್ಯಾಬಿನ ಬೀರುವಿನಲ್ಲಿಟ್ಟಿದ್ದೆ. ಅದಕ್ಕೆ ಬಿಸಿಲೂ ಇಲ್ಲ, ನೀರೂ ಇಲ್ಲ. ಒಂದು ವರ್ಷ ಕಳೆದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ಅದೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಲ್ಲಲ್ಲಿ ಹೊಳೆಯುತ್ತಿತ್ತು. ತುಂಬಾ ಅಲ್ಲ, ಆದರೆ ಶುರುವಾಗಿತ್ತು. ನಾನು ಅಂಟನ್ನು ಕಡಿಮೆ ಮಾಡಿದ್ದೇ ತಪ್ಪು. ಜವರಣ್ಣನ ನೀರು ಅದನ್ನು ಬೇಗ ಮಾಡಿತು, ಅಷ್ಟೆ. ಮಾಲೀಕರಿಗೆ ಮಾತ್ರೆಯ ಅಳತೆ ಬದಲಾಯಿಸುವುದು ಒಳ್ಳೆಯದು ಎಂದಷ್ಟೇ ಹೇಳಿ, ಒಂದಕ್ಕೆ ಐದರ ಲೆಕ್ಕಕ್ಕೆ ಮರಳಿದೆ. ಒಂದು ದೊಡ್ಡ ಮಾತ್ರೆಯ ಬದಲು ಎರಡು ಸಣ್ಣ ಮಾತ್ರೆ ಮಾಡಿದರಾಯಿತು, ಅಷ್ಟು ಸುಲಭವಾಗಿತ್ತು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

ಹೀಗೆ ಹತ್ತು ವರ್ಷ ಉರುಳಿತು. ಮಾಲೀಕರು ತೀರಿಕೊಂಡರು, ಕಾರ್ಖಾನೆ ಬೇರೆಯವರ ಕೈಗೆ ಹೋಯಿತು, ಲ್ಯಾಬಿಗೆ ಹೊಸ ಹೊಸ ಮಿಷನ್ನುಗಳು ಬಂದವು. ಮೈಸೂರಿಗೆ ಟಿಫಿನ್ ಡಬ್ಬಿ ಹೊರುವ ಕೆಲಸ ತಪ್ಪಿತು. ಒಂದು ದಿನ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ, ಮೊದಲು ಪ್ಯಾಕಿಂಗಿನಲ್ಲಿದ್ದ ಗೌರಮ್ಮ ಸಿಕ್ಕಿದಳು. ಅವಳೂ ಹಂಪಾಪುರದ ಕಡೆಯವಳೇ. ಅದೂ ಇದೂ ಮಾತಾಡುತ್ತಾ ಜವರಣ್ಣನ ವಿಷಯ ತೆಗೆದಳು. ಹಳೆಯ ಹೊಗೆಸೊಪ್ಪಿನ ಸಾಹುಕಾರರು ಮನೆಗೇ ಬಂದು ಗೋಡೌನಿನ ಬೀಗದ ಕೈ ತಗೋ ಎಂದರೂ ಅವರು ಒಲ್ಲೆ ಎಂದರಂತೆ. ನನಗೆ ಮರೆವು, ಯಾವ ಜವಾಬ್ದಾರಿಯೂ ಬೇಡ ಎಂದು ಮೂಟೆ ಹೊರುವ ಕೆಲಸಕ್ಕೆ ಮಾತ್ರ ಹೋಗುತ್ತಿದ್ದರಂತೆ. ಮರೆವೇ ಎಂದೆ. ಹೂಂ ಮೇಡಮ್, ಕೆಲಸ ಬುಟ್ಟಾಗಿಂದ ಅಂಗೇ ಅಂತಾರೆ ಎಂದಳು.

ಆ ಭಾನುವಾರ ಹೊರಟೆ. ಹುಣಸೂರಿನಿಂದ ಹೋಗಿ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಇಳಿದು ಬಸ್ಸು ಬದಲಾಯಿಸಿ, ಕೇಳಿಕೊಂಡು ಮನೆ ಸೇರುವ ಹೊತ್ತಿಗೆ ಹನ್ನೊಂದು ಗಂಟೆ. ಜವರಣ್ಣ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಮ್ಮಾರು ಬಂದವ್ರೆ ಎಂದು ಗಡಬಡಿಸಿ ಎದ್ದು ಚಾಪೆ ಹಾಸಿದರು. ಹೆಂಡತಿ ದೇವೀರಮ್ಮ ಕಾಫಿ ತಂದಿಟ್ಟು, ಮಧ್ಯಾಹ್ನಕ್ಕೆ ಅವರೆಕಾಳು ಸಾರು ಮಾಡಲಾ, ಮುದ್ದೆಯೋ ಅನ್ನವೋ ಎಂದು ಗಂಡನನ್ನು ಕೇಳಿದರು. ಮುದ್ದೆ ಎಂದ ಜವರಣ್ಣ ಮರುಗಳಿಗೆಯೇ, ಅನ್ನ ಅಂದ್ನಾ ಮುದ್ದೆ ಅಂದ್ನಾ ಎಂದು ಅವರನ್ನೇ ತಿರುಗಿ ಕೇಳಿದರು. ದೇವೀರಮ್ಮ ಬೇಸರವಿಲ್ಲದೆ ಮುದ್ದೆ ಅಂದ್ರಿ ಎಂದರು. ಏನೇ ಹೇಳಿದರೂ ಮೂರು ಸಲ ಕೇಳಿಕೊಳ್ಳುತ್ತಾರೆ ಅಮ್ಮ, ತಮ್ಮ ಮಾತಿನ ಮೇಲೆ ತಮಗೇ ನಂಬಿಕೆ ಇಲ್ಲ ಎಂದು ನನಗೆ ಹೇಳಿ ಒಳಗೆ ಹೋದರು.

ನಾನು ಸೂಕ್ಷ್ಮದರ್ಶಕದಿಂದ ಶುರು ಮಾಡಿದೆ. ಬಾಟಲಿಯಲ್ಲಿಟ್ಟಿದ್ದ ಪುಡಿ, ಅಂಟು ಕಡಿಮೆಯಾದದ್ದು, ನೀರು ಹಾಕದಿದ್ದರೂ ಒಂದಲ್ಲ ಒಂದು ದಿನ ಅದು ಹರಳುಗಟ್ಟುತ್ತಿತ್ತು ಎನ್ನುವುದು, ಎಲ್ಲ ವಿವರಿಸಿದೆ. ಜವರಣ್ಣ ಹೂಂ ಹೂಂ ಎಂದು ಕೇಳುತ್ತಾ ಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿಯಾದ ಮೇಲೆ, ಎಷ್ಟು ದಿನಕ್ಕೆ ಹರಳುಗಟ್ಟುತ್ತಿತ್ತು ಎಂದು ಕೇಳಿದರು. ಒಂದು ವರ್ಷ ಎಂದೆ. ಅಷ್ಟರಲ್ಲಿ ಜನ ನುಂಗಿ ವಾಸಿ ಮಾಡಿಕೊಳ್ಳುತ್ತಿದ್ದರಲ್ಲ ಅಮ್ಮಾರೆ, ನನ್ನ ನೀರಿಂದಲೇ ಕೆಟ್ಟಿದ್ದು ಎಂದು ಮತ್ತೆ ತಮ್ಮ ಮೇಲೇ ಹಾಕಿಕೊಂಡರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಹೊತ್ತುಕೊಂಡು ಹೋಗಿದ್ದ ವಿಜ್ಞಾನದಿಂದ ಆ ಮನುಷ್ಯನಿಗೆ ಏನೂ ಉಪಯೋಗವಾಗಲಿಲ್ಲ. ಇನ್ನು ಉಳಿದಿದ್ದು ಒಂದೇ ಮಾತು. ಅದನ್ನು ಹೇಳಲೆಂದೇ ಬಂದಿದ್ದೆ, ಅದನ್ನು ಬಿಟ್ಟು ಬೇರೆಲ್ಲ ಹೇಳಿದ್ದೆ.

"ಜವರಣ್ಣ, ಬಿಸಿ ತಾಗಬಾರದು ಅಂತ ಮಾತ್ರ ಆವತ್ತು ನಿಮಗೆ ಹೇಳಿದ್ದು ನಾನು. ಪಸೆ ವಿಷಯ ಹೇಳೇ ಇರಲಿಲ್ಲ. ಮಾಲೀಕರ ಎದುರಿಗೆ ಸುಳ್ಳು ಹೇಳಿದೆ."

ಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

"ಏಳಿರ್ಲಿಲ್ವಾ?"

"ಇಲ್ಲ."

"ನೀವು ಏಳಿ, ನಾನ್ ಮರ್ತಿದ್ದಲ್ವಾ?"

"ಅಲ್ಲ ಜವರಣ್ಣ. ನೀವು ಏನೂ ಮರೆತಿರಲಿಲ್ಲ."

ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. ಅಡಿಗೆಮನೆಯ ಕಡೆ ತಿರುಗಿ ಕೂಗಿದರು.

"ದೇವೀರೀ, ಕೇಳುಸ್ತಾ? ನಾನ್ ಮರ್ತಿರ್ಲಿಲ್ವಂತೆ ಕಣಮ್ಮೀ. ನಂಗೆ ಏಳೇ ಇರ್ಲಿಲ್ವಂತೆ."

ದೇವೀರಮ್ಮ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲಿಗೆ ಬಂದರು. ಗಂಡ ಎರಡು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ದನಿ ಏರಿಸದೆ, ಮನೆಗೆ ಬಂದವರನ್ನು ಮಾತಾಡಿಸುವ ಹಾಗೆಯೇ ಕೇಳಿದರು.

"ಈ ಒಂದ್ ಮಾತ ತರಾಕೆ ಅತ್ತ್ ವರ್ಸ ಬೇಕಾಯ್ತಾ ಅಮ್ಮ ನಿಮ್ಗೆ?"

ಹುಣಸೂರಿನಿಂದ ಹ್ಯಾಂಡ್‌ಪೋಸ್ಟಿಗೆ ಬೆಳಗಿನಿಂದ ಸಂಜೆಯವರೆಗೂ ಬಸ್ಸುಗಳಿವೆ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.